ಮಾರಾಟಕ್ಕಿದೆ ಮಲೆಯ ತೋಟ: ಕೊಳ್ಳುವ ಮುನ್ನ ಮರ ನೋಡಿ

ಹಾಲು ನೋಡಿ ಎಮ್ಮೆ ಕೊಳ್ಳಬೇಕು, ತಾಯಿ ನೋಡಿ ಹೆಣ್ಣು ತರಬೇಕು ಎಂಬ ಗಾದೆಯನ್ನು ಬಲ್ಲ ನಮ್ಮ ರೈತರು ಮಣ್ಣು, ನೀರು ನೋಡದೆ ಜಮೀನಿಗೆ ಮುಂಗಡ ಕೊಡುವವರಲ್ಲ. ಬಯಲುಸೀಮೆಯ ಹೊಲವಾದರೆ ಒಂದು ಹಿಡಿ ಮಣ್ಣು ಕೈಯಲ್ಲಿ ಉಜ್ಜಿಯೇ ಅದರ ಯೋಗ್ಯತೆ ಹೇಳಬಲ್ಲರು. ಆದರೆ ಬೆಟ್ಟದ ಇಳಿಜಾರಿನಲ್ಲಿ ನೂರು, ಇನ್ನೂರು ಎಕರೆ ಹಬ್ಬಿರುವ ಕಾಫಿ ತೋಟ ಮಾರಾಟಕ್ಕೆ ಬಂದಾಗ ಅದನ್ನು ಹೇಗೆ ಪರೀಕ್ಷಿಸಬೇಕೆಂಬುದು ಅನುಭವಿಗಳಿಗೂ ಸುಲಭವಾಗಿ ಹೊಳೆಯುವುದಿಲ್ಲ.

ಚಿಕ್ಕಮಗಳೂರು, ಹಾಸನ ಮತ್ತು ಕೊಡಗು ಜಿಲ್ಲೆಗಳಲ್ಲಿ ದೊಡ್ಡ ತೋಟಗಳು ಮಾರಾಟಕ್ಕೆ ಬರುವುದಕ್ಕೆ ಹಲವು ಕಾರಣಗಳುಂಟು. ಮಕ್ಕಳು ಪಟ್ಟಣ ಸೇರಿ ನೋಡಿಕೊಳ್ಳುವವರಿಲ್ಲದಿರುವುದು, ಪಾಲುಪಾರೀಕತ್ತು, ಸಾಲ, ಕೆಲಸದಾಳುಗಳ ಅಭಾವ ಇವುಗಳಲ್ಲಿ ಮುಖ್ಯವಾದವು. ಕೊಳ್ಳಲು ಬರುವವರಲ್ಲಿ ಪಟ್ಟಣದ ಶ್ರೀಮಂತರಷ್ಟೇ ಅಲ್ಲ, ರೈತರೂ ಇದ್ದಾರೆ. ಹೆದ್ದಾರಿಗೋ ಬಡಾವಣೆಗೋ ಹೊಲ ಕೊಟ್ಟು ಪರಿಹಾರ ಪಡೆದ ಅಣ್ಣತಮ್ಮಂದಿರು ಹಣ ಒಟ್ಟುಗೂಡಿಸಿ ಮಲೆನಾಡಿನಲ್ಲಿ ತೋಟ ಕೊಳ್ಳಲು ಮುಂದಾಗುತ್ತಾರೆ. ತಲೆತಲಾಂತರದಿಂದ ಬಂದ ಭೂಮಿಯ ಬೆಲೆಯೆಲ್ಲ ಒಂದೇ ಕ್ರಯಪತ್ರದಲ್ಲಿ ಸೇರಿಹೋಗುವುದರಿಂದ ಇಲ್ಲಿ ಎಡವಿದರೆ ಇಡೀ ಕುಟುಂಬಕ್ಕೆ ಪೆಟ್ಟು.

ಇಂಥ ವ್ಯವಹಾರಗಳಲ್ಲಿ ದಲ್ಲಾಳಿಗಳು ತಪ್ಪದೆ ಆಡುವ ಮಾತೊಂದಿದೆ: “ಬೆಲೆ ಹೆಚ್ಚಾಯಿತೆಂದು ಚಿಂತಿಸಬೇಡಿ. ತೋಟದಲ್ಲಿರುವ ಮರ ಮಾರಿದರೆ ಅರ್ಧ ದುಡ್ಡು ವಾಪಸು ಬಂದುಬಿಡುತ್ತದೆ.” ರೈತ ಬಾಂಧವರೇ, ಮಲೆಯ ತೋಟ ಕೊಳ್ಳುವವರು ನಂಬಬಾರದ ಮಾತು ಇದೇ. ಏಕೆಂಬುದನ್ನೂ, ಹಾಗಾದರೆ ತೋಟವನ್ನು ಹೇಗೆ ನೋಡಿ ಬೆಲೆ ಕಟ್ಟಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಮರವೆಂದರೆ ಬರಿಯ ನಾಟವಲ್ಲ

ಕಾಫಿಯ ಮೂಲ ನೆಲೆ ಇಥಿಯೋಪಿಯದ ಬೆಟ್ಟದ ಕಾಡುಗಳು. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವುದು ಅದರ ಹುಟ್ಟುಗುಣ. ಆದುದರಿಂದಲೇ ನಮ್ಮಲ್ಲಿ ಕಾಫಿಯನ್ನು ಎರಡು ಅಂತಸ್ತಿನ ನೆರಳಿನಲ್ಲಿ ಬೆಳೆಸುವ ಪದ್ಧತಿ ನೆಲೆಗೊಂಡಿದೆ. ಕೆಳಗಿನ ಅಂತಸ್ತಿನಲ್ಲಿ ಹಾಲುವಾಣ, ಮೇಲಿನ ಅಂತಸ್ತಿನಲ್ಲಿ ಅತ್ತಿ, ಬಸರಿ, ಗೋಣಿ, ಹಲಸು, ಮತ್ತಿ, ಹೊನ್ನೆ, ಬೀಟೆ ಮುಂತಾದ ಮರಗಳು ಮತ್ತು ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಇರುತ್ತವೆ.

ಈ ಮರಗಳು ಮಾಡುವ ಕೆಲಸವನ್ನು ಲೆಕ್ಕಕ್ಕೆ ತಂದುಕೊಳ್ಳಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಸುಮಾರು 1,03,000 ಲೀಟರ್ ನೀರು. ವರ್ಷಕ್ಕೆ 100 ಅಂಗುಲ ಮಳೆ ಬೀಳುವ ತೋಟದಲ್ಲಿ ಪ್ರತಿ ಎಕರೆಯ ಮೇಲೂ ಒಂದು ಕೋಟಿ ಲೀಟರಿಗಿಂತ ಹೆಚ್ಚು ನೀರು ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಇಳಿಜಾರಿನ ಮೇಲೆ ಇಷ್ಟು ನೀರು ಹರಿದರೂ ಮೇಲ್ಮಣ್ಣು ಉಳಿದಿದ್ದರೆ ಅದಕ್ಕೆ ಕಾರಣ ಒಂದರ ಕೆಳಗೊಂದು ಇರುವ ಎಲೆಯ ಹೊದಿಕೆ, ನೆಲದ ಮೇಲಿನ ದರಗು ಮತ್ತು ಮಣ್ಣನ್ನು ಹಿಡಿದಿರುವ ಬೇರು. ಬೇಸಿಗೆಯಲ್ಲಿ ಇದೇ ದರಗು ತೇವವನ್ನು ಕಾಪಾಡುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಮರದ ಕಾಂಡಕ್ಕೆ ಹಬ್ಬಿಸಿದ ಕಾಳುಮೆಣಸು ಬೇರೆ ಆದಾಯ ತರುತ್ತದೆ. ಮರ ಉರುಳಿದ ದಿನ ಅದರೊಡನೆ ಮೆಣಸಿನ ಬಳ್ಳಿಯೂ ಹೋಗುತ್ತದೆ. ಬಿದ್ದ ಮರದ ಅಡಿಯಲ್ಲಿ ಸಿಕ್ಕಿದ ಕಾಫಿ ಗಿಡಗಳೂ ಹೋಗುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದುದು ಬಿಳಿ ಕಾಂಡಕೊರಕದ ಹಾವಳಿ. ಈ ದುಂಬಿ ಏಪ್ರಿಲ್–ಮೇ ತಿಂಗಳಲ್ಲಿಯೂ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಹೊರಬಂದು ಹಾರಾಡುತ್ತದೆ. ಬಿಸಿಲು ಬೀಳುವ ಅರೇಬಿಕಾ ಗಿಡದ ಕಾಂಡವೆಂದರೆ ಅದಕ್ಕೆ ಪ್ರೀತಿ. ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಕೊರೆದು ಒಳಹೊಕ್ಕು ತಿಂಗಳುಗಟ್ಟಲೆ ಅಲ್ಲೇ ಬೆಳೆಯುತ್ತದೆ. ಒಳಹೊಕ್ಕ ಹುಳುವಿಗೆ ಸುಲಭವಾದ ಮದ್ದಿಲ್ಲ. ಗಿಡ ಕಿತ್ತು ಸುಡುವುದೇ ಉಳಿದ ದಾರಿ. ಅರೇಬಿಕಾ ತೋಟದಲ್ಲಿ ಮೇಲಿನ ನೆರಳನ್ನು ಒಮ್ಮೆಗೇ ತೆಗೆಯುವುದೆಂದರೆ ಈ ದುಂಬಿಗೆ ಬಾಗಿಲು ತೆರೆದಿಟ್ಟಂತೆ.

ನೂರೈವತ್ತು ವರ್ಷ ಹಿಂದಿನ ಪಾಠ

ಇದು ಹೊಸ ತಿಳುವಳಿಕೆಯಲ್ಲ. ಕೊಡಗಿನಲ್ಲಿ ಯೂರೋಪಿಯನ್ನರ ಮೊದಲ ತೋಟ 1854ರಲ್ಲಿ ಮಡಿಕೇರಿಯ ಬಳಿ ಆರಂಭವಾಯಿತು. ನಂತರ ಬಂದವರಲ್ಲಿ ಅನೇಕರು ಕಾಡನ್ನು ಪೂರ್ತಿ ಕಡಿದು, ಸುಟ್ಟು, ಬಯಲಿನಲ್ಲಿಯೇ ಕಾಫಿ ನೆಟ್ಟರು. ಕಾಡಿನ ಮಣ್ಣಿನ ಬಲದಿಂದ ಮೊದಲ ವರ್ಷಗಳಲ್ಲಿ ಗಿಡಗಳು ಹುಲುಸಾಗಿ ಬೆಳೆದವು. 1860ರ ದಶಕದಲ್ಲಿ ಮಳೆ ಕೈಕೊಟ್ಟಾಗ ಕಾಂಡಕೊರಕ ತೋಟಗಳನ್ನೇ ನುಂಗಿತು. ಮದ್ರಾಸು ಸರ್ಕಾರ ಇದರ ವಿಚಾರಣೆಗೆ ಡಾ. ಜಾರ್ಜ್ ಬಿಡಿ ಎಂಬ ವೈದ್ಯರನ್ನು ನೇಮಿಸಿತು. 1869ರಲ್ಲಿ ಪ್ರಕಟವಾದ ಅವರ ವರದಿ ನೆರಳಿನ ಅಭಾವವನ್ನು ಎತ್ತಿ ತೋರಿಸಿ, ನೆರಳು ಮರಗಳನ್ನು ಬೆಳೆಸುವುದು ಅಗತ್ಯವೆಂದಿತು. ಅಂದು ಕಡಿದವರು ಮತ್ತೆ ಮರ ನೆಟ್ಟು ಕಾಯಬೇಕಾಯಿತು. ಅಷ್ಟು ಕಾಲ ತಡೆಯಲಾರದವರು ತೋಟ ಬಿಟ್ಟು ಹೋದರು.

ಇಂದು ಕಡಿಯುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ನಾಟದ ಹಣ ಒಮ್ಮೆ ಮಾತ್ರ ಕೈಗೆ ಬರುತ್ತದೆ. ಅತ್ತಿ, ಬಸರಿಯಂಥ ಮರ ಮತ್ತೆ ತೋಟದ ಮೇಲೆ ಕೊಡೆ ಹಿಡಿಯುವಷ್ಟು ಬೆಳೆಯಲು ಒಂದು ತಲೆಮಾರು ಬೇಕು.

ತೋಟವನ್ನು ಮೂರು ಬಾರಿ ನೋಡಿ

ತೋಟ ತೋರಿಸುವವರು ಸಾಮಾನ್ಯವಾಗಿ ಮಳೆ ನಿಂತ ಅಕ್ಟೋಬರ್ ತಿಂಗಳಲ್ಲಿ ಕರೆಯುತ್ತಾರೆ. ಆಗ ಹಳ್ಳ ತುಂಬಿರುತ್ತದೆ, ಗಿಡಗಳು ಹಸಿರಾಗಿರುತ್ತವೆ, ಕಾಯಿ ಗೊಂಚಲುಗಟ್ಟಿರುತ್ತದೆ. ಆಗ ಚೆಲುವಾಗಿ ಕಾಣದ ತೋಟವೇ ಇಲ್ಲ. ಸಾಧ್ಯವಾದರೆ ಕರಾರು ಮಾಡುವ ಮುನ್ನ ಮೂರು ಬೇರೆ ಬೇರೆ ಕಾಲಗಳಲ್ಲಿ ತೋಟ ಸುತ್ತಿರಿ.

ಮಾರ್ಚ್–ಏಪ್ರಿಲ್: ಇದು ಸತ್ಯ ಹೇಳುವ ಕಾಲ. ಮಧ್ಯಾಹ್ನದ ಹೊತ್ತು ತೋಟದೊಳಗೆ ನಿಲ್ಲಿ. ಉತ್ತರ, ಪೂರ್ವ ಮತ್ತು ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರು ಕಾಫಿಗೆ ಉತ್ತಮ. ದಕ್ಷಿಣ, ಪಶ್ಚಿಮದ ಇಳಿಜಾರುಗಳಿಗೆ ಬಿಸಿಲಿನ ಝಳ ಹೆಚ್ಚು, ಅಲ್ಲಿ ನೆರಳೂ ಹೆಚ್ಚಿರಬೇಕು. ನೂರು ಹೆಜ್ಜೆ ನಡೆದು, ಎಷ್ಟು ಹೆಜ್ಜೆ ನೇರ ಬಿಸಿಲಿಗೆ ಬಿದ್ದವು ಎಂದು ಎಣಿಸಿದರೆ ನೆರಳಿನ ಅಂದಾಜು ಸಿಗುತ್ತದೆ. ಅರೇಬಿಕಾ ಇರುವ ಪ್ರತಿ ಬ್ಲಾಕಿನಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತ 100 ಗಿಡಗಳ ಕಾಂಡ ನೋಡಿ. ಕಾಂಡದ ಮೇಲೆ ಏಣು ಎದ್ದಿರುವ, ಎಲೆ ಹಳದಿಯಾಗಿ ಜೋಲುಬಿದ್ದಿರುವ ಗಿಡಗಳನ್ನು ಗುರುತು ಮಾಡಿಕೊಳ್ಳಿ. ಆರು ಅಡಿ ಅಂತರದಲ್ಲಿ ನೆಟ್ಟ ಅರೇಬಿಕಾ ಎಕರೆಗೆ 1,210 ಗಿಡ ಹಿಡಿಯುತ್ತದೆ. ನೂರಕ್ಕೆ ಹತ್ತು ಗಿಡ ಹುಳುಬಿದ್ದಿದ್ದರೆ ಎಕರೆಗೆ 121 ಗಿಡ. ಅರವತ್ತು ಎಕರೆಗೆ 7,260 ಗಿಡ ಕಿತ್ತು ಸುಡಬೇಕು. ಅಲ್ಲಿ ಹೊಸ ಗಿಡ ನೆಟ್ಟರೆ ಮೊದಲ ಫಸಲಿಗೇ ಮೂರು–ನಾಲ್ಕು ವರ್ಷ ಕಾಯಬೇಕು.

ನೀರನ್ನೂ ಈ ಕಾಲದಲ್ಲೇ ನೋಡಬೇಕು. ಹೂಮಳೆ ಬಾರದಿದ್ದರೆ ರೊಬಸ್ಟಾಗೆ ತುಂತುರು ನೀರಾವರಿಯಿಂದ ಸುಮಾರು ಒಂದೂವರೆ ಅಂಗುಲ, ಹೂ ಅರಳಿದ 15–20 ದಿನಗಳ ಮೇಲೆ ಮತ್ತೆ ಸುಮಾರು ಒಂದು ಅಂಗುಲ ನೀರು ಕೊಡಬೇಕಾಗುತ್ತದೆ. ಇಪ್ಪತ್ತೈದು ಎಕರೆ ರೊಬಸ್ಟಾ ಇದ್ದರೆ ಎರಡೂ ಸೇರಿ ಸುಮಾರು 64 ಲಕ್ಷ ಲೀಟರ್ ಬೇಕು. ಹತ್ತು ಅಡಿ ಆಳದ ಕೆರೆಯಾದರೆ ಅದು 21 ಗುಂಟೆಯಷ್ಟು ವಿಸ್ತಾರವಿರಬೇಕು. ಆವಿಯಾಗಿ, ಇಂಗಿ ಹೋಗುವ ನೀರು ಈ ಲೆಕ್ಕಕ್ಕೆ ಸೇರಿಲ್ಲ. “ಕೆರೆ ಇದೆ” ಎಂದರೆ ಸಾಲದು, ಮಾರ್ಚ್ ತಿಂಗಳಲ್ಲಿ ಅದರಲ್ಲಿ ಎಷ್ಟು ನೀರಿದೆ ಎಂದು ಕೋಲು ಇಳಿಬಿಟ್ಟು ನೋಡಿ.

ಜುಲೈ: ಮಳೆಯಲ್ಲಿ ನೆನೆದರೂ ಚಿಂತೆಯಿಲ್ಲ, ತೋಟಕ್ಕೆ ಹೋಗಿ. ಹರಿಯುವ ನೀರಿನ ಬಣ್ಣ ನೋಡಿ. ನೀರು ತಿಳಿಯಾಗಿದ್ದರೆ ಮಣ್ಣು ನೆಲದಲ್ಲಿ ಉಳಿದಿದೆ. ಕೆಂಪಾಗಿ ಹರಿಯುತ್ತಿದ್ದರೆ ನೀವು ಕೊಡಲಿರುವ ಬೆಲೆ ಹಳ್ಳ ಸೇರುತ್ತಿದೆ. ಗಿಡಗಳ ಸಾಲಿನ ನಡುವೆ ತೊಟ್ಟಿಲು ಗುಂಡಿಗಳನ್ನು ತೆಗೆದಿದ್ದಾರೆಯೆ, ಅವು ಹೂಳು ತುಂಬಿವೆಯೆ ಎಂಬುದನ್ನು ಪರೀಕ್ಷಿಸಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದುದನ್ನೂ, 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ನಡೆದ ಘೋರ ದುರಂತವನ್ನೂ ಮರೆಯಬಾರದು. ಅತಿವೃಷ್ಟಿ ಮುಖ್ಯ ಕಾರಣವಾದರೂ, ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ನೇರವಾಗಿ ಕತ್ತರಿಸಿದ್ದು ಕೊಡಗಿನ ಕುಸಿತಕ್ಕೆ ನೆರವಾಯಿತೆಂದು ಭೂವಿಜ್ಞಾನಿಗಳು ಗುರುತಿಸಿದರು. ಮರವಿದ್ದ ಗುಡ್ಡವೂ ಕುಸಿದದ್ದುಂಟು. ಮರವೊಂದೇ ರಕ್ಷೆಯೆಂದು ತಿಳಿಯಬಾರದು. ನೆಲದಲ್ಲಿ ಉದ್ದನೆಯ ಬಿರುಕು, ಒಂದೇ ಕಡೆಗೆ ವಾಲಿದ ಮರಗಳು, ಹೊಸದಾಗಿ ಒಸರುವ ಜಲ, ಗುಡ್ಡದ ನೆತ್ತಿಯಲ್ಲಿ ತೋಡಿದ ಹೊಂಡ ಇವು ಕಂಡರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಭಾಗದಲ್ಲಿ ಮನೆ, ಲೈನ್ ಮನೆ ಕಟ್ಟುವ ಯೋಚನೆ ಬೇಡ.

ಡಿಸೆಂಬರ್–ಜನವರಿ: ಅರೇಬಿಕಾ ಕೊಯ್ಲು ಮುಗಿಯುತ್ತ ರೊಬಸ್ಟಾ ಕೊಯ್ಲು ತೊಡಗುವ ಕಾಲ. ಆಳುಗಳು ಎಲ್ಲಿಂದ ಬರುತ್ತಾರೆ, ಎಷ್ಟು ಜನ ಲೈನ್ ಮನೆಗಳಲ್ಲಿದ್ದಾರೆ, ಹಣ್ಣು ಗಿಡದಲ್ಲೇ ಒಣಗುತ್ತಿದೆಯೆ ಎಂಬುದು ತಿಳಿಯುತ್ತದೆ. ನೆಲದಲ್ಲಿ ಬಿದ್ದ, ಗಿಡದಲ್ಲಿ ಉಳಿದ ಕಾಯಿಗಳನ್ನು ಬಿಡಿಸಿ ನೋಡಿ. ತುದಿಯಲ್ಲಿ ಸೂಜಿಮೊನೆಯಂಥ ರಂಧ್ರವಿದ್ದರೆ ಕಾಯಿಕೊರಕ ನೆಲೆಸಿದೆಯೆಂದು ತಿಳಿಯಿರಿ. ಕಣ ಮತ್ತು ಪಲ್ಪರ್ ಮನೆಯ ಸ್ಥಿತಿ, ಆನೆ ಬರುವ ದಾರಿ ಇವನ್ನು ಮಾಲೀಕರಿಗಿಂತ ಹಳೆಯ ರೈಟರ್ ಅಥವಾ ಮೇಸ್ತ್ರಿಯಿಂದ ಕೇಳಿ ತಿಳಿಯುವುದು ಲೇಸು.

ಮಣ್ಣು ಮತ್ತು ಎತ್ತರ

ಅರೇಬಿಕಾಗೆ ಸಮುದ್ರಮಟ್ಟದಿಂದ 1,000ದಿಂದ 1,500 ಮೀಟರ್, ರೊಬಸ್ಟಾಗೆ 500ರಿಂದ 1,000 ಮೀಟರ್ ಎತ್ತರ ಹೊಂದುತ್ತದೆ. ಕೆಳಮಟ್ಟದ ಬಿಸಿಲು ಇಳಿಜಾರಿನಲ್ಲಿ ಅರೇಬಿಕಾ ಇದ್ದರೆ ಅದರ ಆಯುಸ್ಸು ಕಡಿಮೆ ಎಂದೇ ಎಣಿಸಬೇಕು. ತೋಟವನ್ನು ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿಯೊಂದರಿಂದ ಬೇರೆ ಬೇರೆಯಾಗಿ 9 ಅಂಗುಲ ಆಳದವರೆಗಿನ ಮಣ್ಣಿನ ಮಾದರಿ ತೆಗೆಸಿ. ಹುಳಿ ಮಣ್ಣು ಮಲೆನಾಡಿನಲ್ಲಿ ಸಹಜ. ಕಾಫಿಗೆ ರಸಸಾರ 6.0ರಿಂದ 6.5ರವರೆಗೆ ಇದ್ದರೆ ಉತ್ತಮ. ಬಹಳ ಕಡಿಮೆಯಿದ್ದರೆ ಸುಣ್ಣದ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡೂವರೆ ಅಡಿ ಗುಂಡಿ ತೋಡಿಸಿದರೆ ಮೇಲಿನ ಕಪ್ಪು ಮಣ್ಣು ಎಷ್ಟು ಅಂಗುಲ ಉಳಿದಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕಾಗದಪತ್ರದಲ್ಲಿ ಮರ ಯಾರದು?

ನೆಲ ಕೊಂಡರೆ ಮರವೂ ತನ್ನದೇ ಎಂಬ ಭಾವನೆ ಬಯಲುಸೀಮೆಯವರಲ್ಲಿ ಸಹಜ. ಮಲೆನಾಡಿನಲ್ಲಿ ಅದು ಎಲ್ಲ ಕಡೆಯೂ ನಿಜವಲ್ಲ. ಕೊಡಗಿನಲ್ಲಿ ಜಮ್ಮಾ, ಬಾಣೆ, ಸಾಗು ಮೊದಲಾದ ಹಲವು ಬಗೆಯ ಹಿಡುವಳಿಗಳಿವೆ. ದಾಖಲೆಯಲ್ಲಿ ‘ಅನ್‌ರಿಡೀಮ್ಡ್’ ಎಂದಿರುವ ಜಮೀನಿನಲ್ಲಿ ಮರದ ಮೌಲ್ಯದ ಮೇಲೆ ಸರ್ಕಾರಕ್ಕೆ ಹಕ್ಕಿದೆ. ‘ರಿಡೀಮ್ಡ್’ ಆಗಿದೆಯೆ ಎಂಬುದನ್ನು ಮಾರುವವರ ಮಾತಿನಿಂದಲ್ಲ, ತಾಲ್ಲೂಕು ಕಚೇರಿಯ ದಾಖಲೆಯಿಂದ ಖಚಿತಪಡಿಸಿಕೊಳ್ಳಿ.

ರಾಜ್ಯದ ಎಲ್ಲ ಕಡೆಗೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಸಿಲ್ವರ್ ಓಕ್, ಹಾಲುವಾಣ ಮೊದಲಾದ ಕೆಲವು ಜಾತಿಗಳನ್ನು ಬಿಟ್ಟರೆ, ಬೀಟೆ, ತೇಗ, ಹೊನ್ನೆ, ಮತ್ತಿಯಂಥ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ದಲ್ಲಾಳಿಯ ನಾಟದ ಲೆಕ್ಕದಲ್ಲಿ ದೊಡ್ಡ ಮೊತ್ತವೆಲ್ಲ ಇಂಥ ಮರಗಳದ್ದೇ ಆಗಿರುತ್ತದೆ.

ಪಹಣಿ, ಮುಟೇಶನ್, ಆಕಾರಬಂದು, ಸರ್ವೆ ನಕ್ಷೆ ಮತ್ತು ಋಣಭಾರ ಪತ್ರಗಳನ್ನು ಒಂದಕ್ಕೊಂದು ತಾಳೆ ನೋಡಿ. ಬೇಲಿಯೊಳಗಿರುವ ನೆಲವೆಲ್ಲ ಕ್ರಯಪತ್ರದ ನೆಲವಲ್ಲ. ಒತ್ತುವರಿಯಾದ ಕಂದಾಯ ಭೂಮಿ, ಗೋಮಾಳ, ಅರಣ್ಯ ಇಲಾಖೆಯ ಅಧಿಸೂಚನೆಗೊಳಪಟ್ಟ ಜಾಗ ತೋಟದೊಳಗೆ ಸೇರಿರಬಹುದು. ಅಂಥ ನೆಲಕ್ಕೆ ಹಣ ಕೊಡುವುದೆಂದರೆ ಮಾರಲು ಹಕ್ಕಿಲ್ಲದವರಿಂದ ಕೊಂಡಂತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಸೇರಿದ್ದರೆ, 1978ರ ಪರಭಾರೆ ನಿಷೇಧ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ತೋಟಗಳಿಗೆ ಭೂಸುಧಾರಣಾ ಕಾಯಿದೆಯ ಮಿತಿಯಿಂದ ವಿನಾಯಿತಿ ಇದೆ. ಆದರೆ ಜೊತೆಗೆ ಬರುವ ಗದ್ದೆ, ಹುಲ್ಲುಗಾವಲು ತೋಟವೆನಿಸದಿರಬಹುದು; ಈ ಬಗ್ಗೆ ವಕೀಲರನ್ನು ಕೇಳಿ.

ಇನ್ನೊಂದು ವಿಷಯ. ನಮ್ಮ ಕಾಫಿಗೆ ಯೂರೋಪ್ ದೊಡ್ಡ ಮಾರುಕಟ್ಟೆ. ಯೂರೋಪ್ ಒಕ್ಕೂಟ 2023ರಲ್ಲಿ ಮಾಡಿದ ಕಾಯಿದೆಯಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಕಾಯಿದೆಯ ಜಾರಿಯನ್ನು ಮುಂದೂಡಿದರೂ ಈ ಗಡುವಿನ ದಿನವನ್ನು ಬದಲಿಸಿಲ್ಲ. ತೋಟದ ಅಂಚಿನ ಕಾಡನ್ನು ಇತ್ತೀಚೆಗೆ ಕಡಿದು ಕಾಫಿ ಹಾಕಿದ್ದರೆ, ಅದರ ತೊಡಕು ಕೊಂಡವರ ಪಾಲಿಗೆ ಬರುತ್ತದೆ.

ಬೆಲೆ ಕಟ್ಟುವ ಬಗೆ

ಅರೇಬಿಕಾ ಒಂದು ವರ್ಷ ಹೊರೆಯಾಗಿ ಬಿಟ್ಟರೆ ಮರುವರ್ಷ ಇಳಿಯುವ ಬೆಳೆ. ಆದುದರಿಂದ ಒಂದು ವರ್ಷದ ಫಸಲು ನೋಡಿ ಬೆಲೆ ಕಟ್ಟಬಾರದು. ಕ್ಯೂರಿಂಗ್ ವರ್ಕ್ಸ್‌ನ ರಸೀತಿಗಳಿಂದ ಕಡೇಪಕ್ಷ ಐದು ವರ್ಷಗಳ ಇಳುವರಿಯ ಸರಾಸರಿ ತೆಗೆಯಿರಿ. ಕಾಫಿಯ ಧಾರಣೆಯೂ ಹಾಗೆಯೇ. 2000ದ ನಂತರದ ಕೆಲವು ವರ್ಷ ಧಾರಣೆ ನೆಲಕಚ್ಚಿ ಬೆಳೆಗಾರರು ಸಾಲದಲ್ಲಿ ಮುಳುಗಿದರು. 2024–25ರಲ್ಲಿ ಅದು ದಾಖಲೆಯ ಮಟ್ಟಕ್ಕೆ ಏರಿತು. ಏರಿದ ವರ್ಷದ ಧಾರಣೆಯ ಮೇಲೆ ಸಾಲ ಮಾಡಿ ತೋಟ ಕೊಂಡವರು ಇಳಿದ ವರ್ಷ ಕಂತು ಕಟ್ಟಲು ಮರ ಕಡಿಯುತ್ತಾರೆ. ದಲ್ಲಾಳಿ ಹೇಳಿದ ಮಾತು ಹೀಗೆ ಬೇರೊಂದು ದಾರಿಯಿಂದ ಬಂದು ತೋಟವನ್ನು ಹಾಳುಮಾಡುತ್ತದೆ.

ಸರಾಸರಿ ಇಳುವರಿಯನ್ನು ಮಧ್ಯಮ ಧಾರಣೆಯಿಂದ ಗುಣಿಸಿ, ಕೂಲಿ, ಗೊಬ್ಬರ, ಮರಗಸಿ, ಗಿಡಗಸಿ, ನೀರಾವರಿಯ ಖರ್ಚು ಕಳೆಯಿರಿ. ಕಿತ್ತು ನೆಡಬೇಕಾದ ಗಿಡಗಳ ವೆಚ್ಚವನ್ನೂ ಕಳೆಯಿರಿ. ಉಳಿದುದರಲ್ಲಿ ಸಾಲದ ಕಂತು ಹೋಗಿ ಸಂಸಾರ ನಡೆಯುವಂತಿದ್ದರೆ ಆ ಬೆಲೆ ಸರಿ. ನಾಟವನ್ನು ಸೇರಿಸಿದರೆ ಮಾತ್ರ ಲೆಕ್ಕ ಸರಿಹೋಗುವುದಾದರೆ, ಆ ತೋಟ ನಿಮ್ಮ ಶಕ್ತಿಗೆ ಮೀರಿದ್ದೆಂದು ತಿಳಿದು ಕಡಿಮೆ ಎಕರೆಯದನ್ನು ಹುಡುಕಿ. ಇಲ್ಲವೆ ಬೆಲೆ ಇಳಿಸಲು ಕೇಳಿ.

ಮರ ತೆಗೆಯಲೇಬೇಕಾದರೆ

ಮರ ಮುಟ್ಟಲೇಬಾರದೆಂದು ಇದರ ಅರ್ಥವಲ್ಲ. ನೆರಳು ಅತಿಯಾದರೆ ಮಳೆಗಾಲದಲ್ಲಿ ಗಾಳಿಯಾಡದೆ ಕೊಳೆ ರೋಗ ಹೆಚ್ಚುತ್ತದೆ, ಫಸಲೂ ಇಳಿಯುತ್ತದೆ. ಮೊದಲ ವರ್ಷ ಕೊಡಲಿ ಬೇಡ, ಮರಗಸಿ ಸಾಕು: ಮುಂಗಾರಿಗೆ ಮುನ್ನ ಕೆಳಗಿನ ಹಾಗೂ ಒತ್ತಾದ ಕೊಂಬೆಗಳನ್ನು ಸವರಿಸಿ. ಒಂದು ವರ್ಷ ತೋಟದ ನಡೆ ಕಂಡ ಮೇಲೆ, ಒತ್ತಾಗಿರುವ ಕಡೆ ಬಲಿತ ಸಿಲ್ವರ್ ಓಕ್‌ಗಳನ್ನು ಕೆಲವು ವರ್ಷಗಳಲ್ಲಿ ಹಂತಹಂತವಾಗಿ ತೆಗೆಯಬಹುದು. ತೆಗೆಯುವ ಪ್ರತಿ ಮರಕ್ಕೂ ಮೊದಲೇ ಪಕ್ಕದಲ್ಲಿ ಎಳೆಯ ಮರ ಎದ್ದಿರಬೇಕು. ದಕ್ಷಿಣ, ಪಶ್ಚಿಮದ ಇಳಿಜಾರು, ಹಳ್ಳದ ದಂಡೆ, ಗುಡ್ಡದ ನೆತ್ತಿ ಈ ಕಡೆಗಳಲ್ಲಿ ಮರ ತೆಗೆಯಬೇಡಿ. ಸಿಲ್ವರ್ ಓಕ್ ಬೇಗ ಬೆಳೆದು ಮೆಣಸಿಗೆ ಆಸರೆಯಾಗುತ್ತದೆಯಾದರೂ ತೋಟವೆಲ್ಲ ಅದೊಂದೇ ಆಗುವುದು ಒಳ್ಳೆಯದಲ್ಲ. ಅತ್ತಿ, ಬಸರಿ, ಹಲಸು ನಡುನಡುವೆ ಇರಲಿ.

ಮಾರುವವರಿಗೂ ಒಂದು ಮಾತು. ಮಾರುವ ಮೊದಲು ಮರ ಕಡಿದು ನಾಟದ ಹಣ ಎತ್ತಿಕೊಂಡು, ಬೋಳಾದ ತೋಟವನ್ನು ಪೂರ್ತಿ ಬೆಲೆಗೆ ಕೊಡುವ ಆಸೆ ಬೇಡ. ತಿಳಿದ ಗಿರಾಕಿ ಕಡಿದ ಬುಡಗಳನ್ನು ಎಣಿಸಿಯೇ ಬೆಲೆ ಇಳಿಸುತ್ತಾನೆ. ಐದು ವರ್ಷದ ಲೆಕ್ಕ, ಮಣ್ಣು ಪರೀಕ್ಷೆಯ ವರದಿ, ಬ್ಲಾಕುವಾರು ಮರಗಳ ಪಟ್ಟಿ ಇವನ್ನು ಸಿದ್ಧವಾಗಿಟ್ಟ ತೋಟಕ್ಕೆ ಒಳ್ಳೆಯ ಗಿರಾಕಿ ತಾನಾಗಿ ಬರುತ್ತಾನೆ.

ಮುಂಗಡ ಕೊಡುವ ಮುನ್ನ ಹತ್ತಿರದ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳನ್ನಾಗಲಿ, ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನಾಗಲಿ ಒಮ್ಮೆ ತೋಟಕ್ಕೆ ಕರೆದುಕೊಂಡು ಹೋಗಿ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಅನುಭವ ನಿಮ್ಮ ಪ್ರಯೋಜನಕ್ಕಾಗಿಯೇ ಇದೆ. ಎಕರೆ ಎಷ್ಟೆಂದು ಕೇಳುವುದಕ್ಕೆ ಮೊದಲು ನೆರಳು ಎಷ್ಟು, ಮಣ್ಣು ಎಷ್ಟು, ಏಪ್ರಿಲ್‌ನಲ್ಲಿ ನೀರು ಎಷ್ಟು ಎಂದು ಕೇಳಿ. ಈ ಮೂರಕ್ಕೂ ತೃಪ್ತಿಕರ ಉತ್ತರ ಸಿಕ್ಕಿದ ಮೇಲೆಯೇ ಬೆಲೆಯ ಮಾತಿಗೆ ಕೂರಿ.